ಮನೆಯವರ ಪರವಾಗಿ

ಜೂನ್ 9, ಸೋಮವಾರ

ಈ ಡೈರಿಯಲ್ಲಿ ಇಷ್ಟು ದಿನ ಬರೀ ಶುಗರ್ ಎಷ್ಟಿತ್ತೆಂದು ಬರೆಯುತ್ತಿದ್ದೆ. ಇವತ್ತು ಬೇರೇನಾದರೂ ಬರೆಯದಿದ್ದರೆ ತಲೆ ಸಿಡಿದುಹೋದೀತು.

ಬೆಳಿಗ್ಗೆ ಬಿ.ಎ. ಹುಡುಗರಿಗೆ ಪಾಠ ಮಾಡುತ್ತಿದ್ದಾಗ ತಂಗಿ ರಮ್ಯಶ್ರೀ ಫೋನ್ ಮಾಡಿದಳು. ಕ್ಲಾಸಿನಲ್ಲಿರುವಾಗ ಮಾಡಬೇಡ ಕಣವ್ವ ಅಂತ ನೂರು ಸಲ ಹೇಳಿದ್ದೇನೆ. ಕಟ್ ಮಾಡಿದೆ. ಮತ್ತೆ ಮಾಡಿದಳು. ಬೈಯೋಣವೆಂದೇ ಎತ್ತಿದರೆ ಆ ಕಡೆಯಿಂದ ಬರೀ ಅಳು. ಅವಳ ಗಂಡ ನಾಗೇಶ್ ಕೆಲಸಕ್ಕೆ ಹೋಗಿರುವ ಡ್ಯಾಮಿನ ಮೇಲೆ ಬಂದೂಕು ಹಿಡಿದ ದಂಡು ನುಗ್ಗಿದೆಯಂತೆ. ಶುಕ್ರವಾರದಿಂದ ಅವನ ಫೋನ್ ಸ್ವಿಚ್ ಆಫ್. ಕಂಪನಿಯವರು ಫೋನ್ ಮಾಡಿ ಗಾಬರಿಯಾಗಬೇಡಿ ಅಂದರಂತೆ. ಗಾಬರಿಯಾಗಬೇಡಿ ಅಂತ ಕಂಪನಿಯವರೇ ಫೋನ್ ಮಾಡಿದರೆ ಗಾಬರಿಯಾಗದೆ ಇನ್ನೇನು ಮಾಡಬೇಕು?

ನಾಗೇಶ ಇಲ್ಲೇ ಹತ್ತಿರದ ಬ್ಲಫ್ ಅನ್ನುವ ಊರಿನ ಪವರ್ ಹೌಸಿನಲ್ಲಿ ಗುತ್ತಿಗೆ ಫಿಟ್ಟರ್ ಆಗಿದ್ದವನು. ಇವತ್ತು ಖಾಯಂ ಆಗುತ್ತೆ, ನಾಳೆ ಖಾಯಂ ಆಗುತ್ತೆ ಅಂತ ಕಾದು ಕಾದು ತಲೆಗೂದಲು ಬೆಳ್ಳಗಾದ ಮೇಲೆ, ಆಫ್ರಿಕಾದ ನಡುಮಧ್ಯೆ ಒಂದು ದೇಶದಲ್ಲಿ ಹಳೇ ಟರ್ಬೈನು ರಿಪೇರಿ ಅಂತ ಹೋದ. ಆ ದೇಶದ ಹೆಸರು ಬರೆಯಲೂ ನನಗೆ ಇಷ್ಟವಿಲ್ಲ. ಹೋಗಬೇಡ ಅಂತ ನಾನೇನೂ ಹೇಳಿರಲಿಲ್ಲ, ಹೋಗು ಅಂತಲೂ ಹೇಳಿರಲಿಲ್ಲ.

ಸಂಜೆ ಭಾರತೀನಗರದಿಂದ ಮಳವಳ್ಳಿ ಬಸ್ಸು ಹಿಡಿದು, ಅಲ್ಲಿಂದ ಆಟೋದಲ್ಲಿ ಬಂಡೂರಿಗೆ ಹೋದೆ. ಆಗಲೇ ಊರಿನ ಅರ್ಧ ಜನ ಜಗುಲಿ ಮೇಲೆ ಕೂತಿದ್ದರು. ರಮ್ಯ ನನ್ನ ಕೈ ಹಿಡಿದುಕೊಂಡು ಒಂದೇ ಮಾತು ಹೇಳಿದಳು.

"ಎಂಗಾದ್ರೂ ಸರಿ ಅಣ್ಣ, ಅವ್ರನ್ನ ಮನೆಗೆ ಕರ್ಕಬಂದ್ಬುಡು. ಇನ್ನೇನೂ ಕೇಳಲ್ಲ ನಿನ್ನ."

ನಾನು ಧೈರ್ಯ ಹೇಳಿದೆ. ಇದಕ್ಕೆಂದೇ ದೇಶದಲ್ಲಿ ಒಂದು ಸಚಿವಾಲಯವಿದೆ, ವಿದೇಶಾಂಗ ಸಚಿವಾಲಯ ಅಂತ. ಇಪ್ಪತ್ತಾರು ವರ್ಷದಿಂದ ಅದರ ರಚನೆ ಮತ್ತು ಕಾರ್ಯಗಳು ಅಂತ ಹತ್ತು ಅಂಕದ ಪ್ರಶ್ನೆಗೆ ಪಾಠ ಮಾಡಿಕೊಂಡು ಬಂದವನು ನಾನು. ಗೋಡೆಯ ಕ್ಯಾಲೆಂಡರ್ ಇಳಿಸಿ ಹಿಂಬದಿಯಲ್ಲಿ ಚೌಕ ಚೌಕವಾಗಿ ಬರೆದು ತೋರಿಸಿದೆ. ತಲೆಯ ಮೇಲೆ ಮಂತ್ರಿ, ಕೆಳಗೆ ವಿದೇಶಾಂಗ ಕಾರ್ಯದರ್ಶಿ, ಜೊತೆಗೆ ಇನ್ನೂ ಕೆಲವು ಕಾರ್ಯದರ್ಶಿಗಳು, ಅವರ ಕೆಳಗೆ ದೇಶಗಳ ಒಂದೊಂದು ಗುಂಪಿಗೆ ಒಂದೊಂದು ವಿಭಾಗ, ವಿಭಾಗಕ್ಕೊಬ್ಬ ಜಂಟಿ ಕಾರ್ಯದರ್ಶಿ, ಆಮೇಲೆ ಹೊರದೇಶಗಳಲ್ಲಿರುವ ದೂತಾವಾಸಗಳು. ಪಾಸ್‌ಪೋರ್ಟು ಕೊಡುವುದಕ್ಕೆ, ಹೊರಗೆ ಸಿಕ್ಕಿಬಿದ್ದವರ ಕಷ್ಟ ನೋಡುವುದಕ್ಕೆ ಬೇರೆಯೇ ವಿಭಾಗವಿದೆ. ಎಲ್ಲರೂ ತಲೆದೂಗುತ್ತ ಕೇಳಿದರು. ನಾಗೇಶನ ತಾಯಿ ಚಿಕ್ಕನಂಜಮ್ಮ ಮಾತ್ರ ಕಣ್ಣು ಕಿರಿದು ಮಾಡಿಕೊಂಡು ಬಗ್ಗಿ ನೋಡಿದರು.

"ಇದ್ರೊಳ್ಗೆ ನಮ್ಮ ನಾಗ ಎಲ್ಲವ್ನೆ ಮೇಷ್ಟ್ರೆ?"

ಕೊನೆಯ ಚೌಕದ ಕೆಳಗೆ ಬೆರಳಿಟ್ಟೆ. ಅಲ್ಲಿ ಕಾಗದ ಮುಗಿದಿತ್ತು. ಮುದುಕಿ ಎದ್ದು ಕುರಿಗಳಿಗೆ ಸೊಪ್ಪು ಹಾಕಲು ಹೋದರು.

ಜೂನ್ 10

ಆ ದೇಶದಲ್ಲಿ ನಮ್ಮ ದೂತಾವಾಸವೇ ಇಲ್ಲ. ಪಕ್ಕದ ದೇಶದ ರಾಯಭಾರಿಯೇ ಅದನ್ನೂ ನೋಡಿಕೊಳ್ಳುತ್ತಾರೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ, ಪಾಠದಲ್ಲೇ ಇದೆ, ಸಣ್ಣ ಅಕ್ಷರದಲ್ಲಿ. ಎಲ್ಲ ದೇಶದಲ್ಲೂ ಕಚೇರಿ ತೆರೆಯಲು ಆಗುತ್ತದೆಯೇ? ಡ್ಯಾಮಿರುವ ಕಡೆ ಗೌರವ ಕಾನ್ಸುಲ್ ಅಂತ ಒಬ್ಬರಿದ್ದಾರೆ. ಬಟ್ಟೆ ವ್ಯಾಪಾರಿಯಂತೆ, ಸಂಬಳವಿಲ್ಲದೆ ನಮ್ಮ ಸರ್ಕಾರದ ಪರವಾಗಿ ಸಹಿ ಹಾಕುವವರು. ಈಗ ಅವರೂ ಅಂಗಡಿ ಮುಚ್ಚಿ ಎಲ್ಲಿಗೋ ಹೋಗಿದ್ದಾರೆ.

ವೆಬ್‌ಸೈಟಿನಲ್ಲಿ ದೂರು ದಾಖಲಿಸಿದೆ. ರಮ್ಯಳಿಗೆ ಫೋನ್ ಮಾಡಿ ಎಲ್ಲಾ ಇದ್ದದ್ದು ಇದ್ದಹಾಗೆ ಹೇಳಿದೆ. ಬಟ್ಟೆ ವ್ಯಾಪಾರಿಯ ಮಾತು ಕೇಳಿ ಇಬ್ಬರೂ ಸ್ವಲ್ಪ ನಕ್ಕೆವು. ನಗು ನಿಂತ ಮೇಲೆ ಅವಳು ತುಂಬ ಹೊತ್ತು ಫೋನ್ ಇಡಲಿಲ್ಲ.

ಜೂನ್ 13

ಮಂಡ್ಯಕ್ಕೆ ಹೋಗಿ ಡಿ.ಸಿ. ಆಫೀಸಿನಲ್ಲಿ ಅರ್ಜಿ ಕೊಟ್ಟು ಬಂದೆ. ಅಲ್ಲಿನ ಗುಮಾಸ್ತ ಆಫ್ರಿಕಾ ಅಂದರೆ ಒಂದೇ ದೇಶ ಅಂದುಕೊಂಡಿದ್ದಾನೆ. ತಿದ್ದಿದೆ. ಅವನಿಗೆ ಕೋಪ ಬಂತು, ನನಗೂ ಬಂತು.

ಮಧ್ಯಾಹ್ನ ದೆಹಲಿಯಿಂದಲೇ ಫೋನ್. ಆಫ್ರಿಕಾ ವಿಭಾಗದ ಕಡೆಯಿಂದ ಒಬ್ಬರು ಮೇಡಂ. ವಯಸ್ಸು ಚಿಕ್ಕದು, ದನಿಯಲ್ಲಿ ಮರ್ಯಾದೆ ಇದೆ. ಇಂಗ್ಲಿಷಿನಲ್ಲೇ ಮಾತಾಡಿದೆವು. ಆ ಡ್ಯಾಮಿನಲ್ಲಿ ನಮ್ಮ ದೇಶದವರು ಹಲವರಿದ್ದಾರೆ, ಒಂದೊಂದು ಮನೆಯಿಂದ ಆರೇಳು ಜನ ಫೋನ್ ಮಾಡಿ ಅಳುತ್ತಾರೆ, ಬೈಯುತ್ತಾರೆ, ಕೆಲಸ ಮಾಡಲು ಆಗುವುದಿಲ್ಲ, ಹಾಗಾಗಿ ಮನೆಯವರ ಪರವಾಗಿ ಒಬ್ಬರೇ ಮಾತಾಡಿದರೆ ಅನುಕೂಲ ಅಂದರು. ನ್ಯಾಯವಾದ ಮಾತು. ಬಂಡೂರಿಗೆ ಹೋಗಿ ರಮ್ಯಳಿಂದ ಬರೆಸಿಕೊಂಡೆ: ಇನ್ನು ಮುಂದೆ ಈ ವಿಷಯದಲ್ಲಿ ನನ್ನ ಅಣ್ಣ ಶಿವರಾಮು ಹೇಳಿದ್ದೇ ನನ್ನ ಮಾತು. ಓದದೆ ಸಹಿ ಹಾಕಿದಳು. ಓದಿ ಹಾಕು ಅಂದರೆ ನೀನು ಬರೆದಮೇಲೆ ಓದೋದೇನು ಅಂದಳು.

ಅವಳ ಮಗಳು ಗಗನ ಪಿಯುಸಿ ಪುಸ್ತಕ ಎದುರಿಗೆ ಇಟ್ಟುಕೊಂಡು ಹಾಳೆಯನ್ನೇ ತಿರುಗಿಸದೆ ಕೂತಿದ್ದಳು.

ಜೂನ್ 24

ನಾಗೇಶ ಬದುಕಿದ್ದಾನೆ!

ಡ್ಯಾಮಿನ ಕೆಲಸಗಾರರು ಕಾಡಿನ ದಾರಿಯಲ್ಲಿ ನಡೆದು ಒಂದು ಸಣ್ಣ ಪಟ್ಟಣ ಸೇರಿಕೊಂಡಿದ್ದಾರೆ, ಪಟ್ಟಿಯಲ್ಲಿ ಅವನ ಹೆಸರಿದೆ ಅಂತ ಮೇಡಂ ಹೇಳಿದರು. ಆ ಪಟ್ಟಣದ ಸುತ್ತ ರಸ್ತೆ ಮುಚ್ಚಿದೆ, ವಿಮಾನ ನಿಲ್ದಾಣವೂ ಮುಚ್ಚಿದೆ. ಇರಲಿ ಬಿಡು, ಬದುಕಿದ್ದಾನಲ್ಲ. ಕಾಲೇಜಿನ ಮುಂದೆ ನಿಂತೇ ರಮ್ಯಳಿಗೆ ಫೋನ್ ಮಾಡಿ ಕೂಗಿದೆ. ಆ ಕಡೆ ಚಿಕ್ಕನಂಜಮ್ಮ ದೇವರ ಹೆಸರು ಒಂದೊಂದಾಗಿ ಹೇಳುವುದು ಕೇಳಿಸಿತು.

ಮೇಡಂ ಇನ್ನೊಂದು ಮಾತು ಹೇಳಿದರು. ಇಷ್ಟು ಮನೆಗಳ ಪೈಕಿ ನಮ್ಮ ವ್ಯವಸ್ಥೆ ಹೇಗೆ ನಡೆಯುತ್ತದೆಂದು ಅರ್ಥ ಮಾಡಿಕೊಂಡು ಮಾತಾಡುವವರು ನೀವೊಬ್ಬರೇ ಅಂತ. ಬರೆದಿಟ್ಟುಕೊಳ್ಳುವಂಥ ದೊಡ್ಡ ಮಾತೇನಲ್ಲ, ಆದರೂ ಬರೆದಿದ್ದೇನೆ.

ಜುಲೈ 1

ರಮ್ಯ ದಿನಕ್ಕೆ ಹತ್ತು ಸಲ ಫೋನ್ ಮಾಡುತ್ತಾಳೆ. ಬೆಳಿಗ್ಗೆ ಹಲ್ಲುಜ್ಜುವಾಗ, ಊಟಕ್ಕೆ ಕೂತಾಗ, ಕ್ಲಾಸಿನಲ್ಲಿ. ಏನಾದರೂ ಗೊತ್ತಾಯಿತೇ ಅಂತ. ಗೊತ್ತಾದರೆ ನಾನೇ ಹೇಳುವುದಿಲ್ಲವೇ? ಇನ್ನು ಮುಂದೆ ಸಂಜೆ ಐದರಿಂದ ಆರರೊಳಗೆ ಮಾತ್ರ ಮಾಡು ಅಂದೆ. ಸರಿ ಅಂದಳು. ಶಿಸ್ತಿಲ್ಲದೆ ಯಾವ ಕೆಲಸವೂ ಆಗುವುದಿಲ್ಲ.

ಮುದುಕಿಯೂ ಫೋನ್ ಕಿತ್ತುಕೊಂಡು ಮಾತಾಡುತ್ತಾರೆ. ಅವನು ಉಂಡನೋ ಇಲ್ಲವೋ, ಕಾಲಿಗೆ ಚಪ್ಪಲಿ ಇದೆಯೋ ಇಲ್ಲವೋ. ದೂತಾವಾಸದವರಿಗೆ ಚಪ್ಪಲಿ ವಿಷಯ ಕೇಳಲಾದೀತೇ?

ಜುಲೈ 5

ಮೇಡಂ ಫೋನ್ ಮಾಡಿದ್ದರು. ನಾಗೇಶನಿಗೆ ಜ್ವರವಂತೆ. ಆ ಪಟ್ಟಣದ ಆಸ್ಪತ್ರೆಯಲ್ಲಿದ್ದಾನೆ. ಮಲೇರಿಯಾ ಇರಬಹುದು.

ಇದನ್ನು ರಮ್ಯಳಿಗೆ ಹೇಳಲಿಲ್ಲ. ಖಚಿತವಾಗದ ಮಾಹಿತಿ ಕೊಟ್ಟು ಹೆಂಗಸರನ್ನು ಹೆದರಿಸುವುದರಲ್ಲಿ ಅರ್ಥವಿಲ್ಲ. ಸಂಜೆ ಅವಳು ಫೋನ್ ಮಾಡಿದಾಗ, ಪರಿಸ್ಥಿತಿಯನ್ನು ಸೂಕ್ಷ್ಮವಾಗಿ ಗಮನಿಸಲಾಗುತ್ತಿದೆ, ನಿರಂತರ ಸಂಪರ್ಕದಲ್ಲಿದ್ದೇವೆ ಅಂದೆ. ಪಕ್ಕದಲ್ಲಿ ಹುರುಳಿಕಾಳು ಆರಿಸುತ್ತಿದ್ದ ನನ್ನ ಹೆಂಡತಿ ರಂಜಿತ ತಲೆಯೆತ್ತಿ ನೋಡಿದಳು.

"ನಮ್ಮ ಮನೇಗೆ ಡೆಲ್ಲಿಯೇ ಬಂದ್ಬುಟ್ಟದಲ್ಲಪ್ಪ. ತಂಗಿ ತಾವ ಮಾತಾಡ್ತಾ ಇದ್ದೀರೋ, ಟೀವೀಲಿ ವಾರ್ತೆ ಓದ್ತಾ ಇದ್ದೀರೋ?"

ಇವಳಿಗೆ ಎಲ್ಲದರಲ್ಲೂ ತಮಾಷೆ. ಜವಾಬ್ದಾರಿ ಹೊತ್ತವನಿಗೇ ಗೊತ್ತು.

ಜುಲೈ 8

ವಿಶೇಷವೇನಿಲ್ಲ. ಜ್ವರ ಇಳಿಯುತ್ತಿದೆ ಅಂದರು. ಹೇಳದೇ ಇದ್ದದ್ದು ಒಳ್ಳೆಯದೇ ಆಯಿತು.

ಜುಲೈ 11, ಶುಕ್ರವಾರ

ನಾಗೇಶ ಹೋಗಿಬಿಟ್ಟ.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿದ್ದೆ. ಮೇಡಂ ಮೊದಲು ಕೂತುಕೊಳ್ಳಿ ಸರ್ ಅಂದರು. ಆಗಲೇ ತಿಳಿಯಿತು. ಜ್ವರ ತಲೆಗೇರಿ ನಿನ್ನೆ ಬೆಳಗಿನ ಜಾವ. ಮೇಡಂ ಸಾರಿ ಸರ್ ಅಂದರು. ಆಕೆಯ ತಪ್ಪೇನಿದೆ? ಯಾರ ತಪ್ಪೇನಿದೆ?

ಬಂಡೂರಿಗೆ ಹೋಗಿ ನಾನೇ ಹೇಳಿದೆ. ಜ್ವರ ಬಂದಿತ್ತೆಂದೇ ಗೊತ್ತಿಲ್ಲದವಳಿಗೆ ಸತ್ತ ಸುದ್ದಿ. ರಮ್ಯ ಅಳಲಿಲ್ಲ. ಯಾವಾಗಿನಿಂದ ಜ್ವರ ಅಂತ ಕೇಳಿದಳು. ಒಂದು ವಾರದಿಂದ ಅಂದೆ. ನಿನಗೆ ಯಾವಾಗ ಗೊತ್ತಾಯಿತು ಅಂತ ಕೇಳುತ್ತಾಳೆಂದು ಕಾಯುತ್ತಿದ್ದೆ, ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ. ಚಿಕ್ಕನಂಜಮ್ಮನ ಗೋಳು ಕೇಳಲಾಗಲಿಲ್ಲ. ಎದೆ ಎದೆ ಬಡಿದುಕೊಂಡು, ನನ್ನ ಮಗನಿಗೆ ಒಂದು ತೊಟ್ಟು ನೀರು ಬಿಡುವವರು ಇದ್ದರೋ ಇಲ್ಲವೋ ಅಂತ ಊರಿಗೆ ಊರೇ ಕೇಳುವ ಹಾಗೆ ಅತ್ತರು.

ಹೊರಡುವಾಗ ರಮ್ಯ ಬಾಗಿಲ ತನಕ ಬಂದಳು. ಬದುಕಿರುವಾಗ ಕರೆತರಲಿಲ್ಲ, ಈಗಲಾದರೂ ತರುತ್ತೀಯಾ ಅಂತ ಬಾಯಿಬಿಟ್ಟು ಅನ್ನಲಿಲ್ಲ, ಆದರೆ ನಿಂತಿದ್ದ ರೀತಿಯೇ ಅದು. ತರ್ತೀನಿ ಕಣವ್ವ ಅಂದೆ.

ಬಸ್ಸಿನಲ್ಲಿ ಬರುವಾಗ ನನಗೂ ಅಳು ಬಂತು. ಪಕ್ಕದಲ್ಲಿದ್ದವನು ಏನ್ಸಾರ್ ಕಣ್ಣಿಗೆ ಧೂಳು ಬಿತ್ತಾ ಅಂದ.

ಜುಲೈ 14

ಹೆಣ ತರಿಸುವ ಕೆಲಸ ಅಷ್ಟು ಸುಲಭವಲ್ಲ. ಆಸ್ಪತ್ರೆಯ ಮರಣಪತ್ರ, ಪೊಲೀಸರ ಪತ್ರ, ಶವ ಕೆಡದಂತೆ ಔಷಧಿ ತುಂಬಿದ್ದಕ್ಕೆ ಪ್ರಮಾಣಪತ್ರ, ಪಾಸ್‌ಪೋರ್ಟ್ ರದ್ದು, ದೂತಾವಾಸದ ನಿರಾಕ್ಷೇಪಣೆ. ಖರ್ಚಿಗೆ ಒಂದು ಕಲ್ಯಾಣ ನಿಧಿಯಿದೆ, ಅದಕ್ಕೆ ತೊಂದರೆಯಿಲ್ಲ. ತೊಂದರೆ ಇರುವುದು ದಾರಿಗೆ. ವಿಮಾನವಿಲ್ಲ, ರಸ್ತೆಯಿಲ್ಲ. ಆ ಆಸ್ಪತ್ರೆಯಲ್ಲಿ ದಿನಕ್ಕೆ ಎರಡು ಗಂಟೆ ಕರೆಂಟಂತೆ.

ಬಂಡೂರಿನವರಿಗೆ ಇದೆಲ್ಲ ತಿಳಿಯುವುದಿಲ್ಲ. ಊರಿನ ಯಜಮಾನರು ನಾಗಯ್ಯ ಫೋನ್ ಮಾಡಿ, ಮಣ್ಣು ಮಾಡುವುದು ಯಾವತ್ತು, ನೆಂಟರಿಗೆ ಹೇಳಿ ಕಳಿಸಬೇಕು ಅಂತ ದಬಾಯಿಸಿದರು. ಪರಿಶೀಲನೆಯಲ್ಲಿದೆ ಅಂದೆ. ಹೆಣ ಪರಿಶೀಲನೇಲಿ ಇರ್ತದಾ ಅಂತ ಕೇಳಿದರು. ಫೋನ್ ಇಟ್ಟುಬಿಟ್ಟೆ. ಇಂಥವರ ಹತ್ತಿರ ಮಾತಾಡುವುದಕ್ಕಿಂತ ಮೇಡಂ ಹತ್ತಿರ ಮಾತಾಡುವುದು ಎಷ್ಟೋ ಸಮಾಧಾನ.

ಜುಲೈ 16

ಇವತ್ತು ಒಂದು ತೀರ್ಮಾನಕ್ಕೆ ಬರಲಾಯಿತು.

ಮಧ್ಯಾಹ್ನ ಮೇಡಂ ಫೋನ್ ಮಾಡಿ ಎರಡು ದಾರಿ ಹೇಳಿದರು. ಒಂದು, ರಸ್ತೆ ತೆರೆಯುವ ತನಕ ಕಾಯುವುದು. ಯಾವಾಗ ತೆರೆಯುತ್ತದೋ ಯಾರಿಗೂ ಗೊತ್ತಿಲ್ಲ, ಅಲ್ಲಿಯ ತನಕ ದೇಹ ತಡೆಯುವ ಭರವಸೆಯನ್ನು ಆಸ್ಪತ್ರೆ ಕೊಡುತ್ತಿಲ್ಲ. ಎರಡು, ಅಲ್ಲೇ ಮಣ್ಣು ಮಾಡಲು ಮನೆಯವರು ಒಪ್ಪುವುದು. ಜೊತೆಯಲ್ಲಿದ್ದ ನಮ್ಮ ದೇಶದವರೇ ಮುಂದೆ ನಿಂತು ಮಾಡುತ್ತಾರೆ. ಆತುರವಿಲ್ಲ ಸರ್, ಆಕೆಯನ್ನು ಕೂರಿಸಿಕೊಂಡು ಕೇಳಿ ಹೇಳಿ, ಕಾಯುತ್ತೇವೆ ಅಂದರು. ಮತ್ತೆ ಅವರೇ, ಬೇರೆ ಮನೆಗಳವರು ಇದನ್ನು ಕೇಳಿದರೇ ಫೋನ್ ಎಸೆಯುತ್ತಾರೆ, ನಿಮ್ಮ ಹತ್ತಿರವಾದರೂ ಮಾತಾಡಬಹುದು ಅಂದರು.

ಬಂಡೂರಿಗೇ ಹೋಗಿ ಹೇಳಿ ಅಂತ ರಂಜಿತ ಅಂದಳು. ಹೋಗಬಹುದಿತ್ತು. ಆದರೆ ನಾಳೆ ಪರೀಕ್ಷೆ ಕೆಲಸವಿದೆ, ಅಲ್ಲಿ ಹೋದರೆ ನಾಗಯ್ಯ, ಮುದುಕಿ, ಊರೆಲ್ಲ ಸೇರಿಕೊಂಡು ಮಾತು ಕೆಡಿಸುತ್ತಾರೆ. ಐದು ಗಂಟೆಗೆ ರಮ್ಯಳೇ ಫೋನ್ ಮಾಡಿದಳು. ನಾನು ಆಗ ಭಾರತೀನಗರ ಸರ್ಕಲ್ಲಿನಲ್ಲಿದ್ದೆ. ಕಬ್ಬಿನ ಟ್ರಾಕ್ಟರು ಸಾಲಾಗಿ ನಿಂತು ಹಾರನ್ ಹೊಡೆಯುತ್ತಿದ್ದವು. ಒಂದು ಅಂಗಡಿ ಮರೆಗೆ ನಿಂತು ಸಾವಕಾಶವಾಗಿ ಎಲ್ಲ ವಿವರಿಸಿದೆ. ಪಾರ್ಥಿವ ಶರೀರದ ಸಾಗಣೆಗೆ ಸದ್ಯದ ಪರಿಸ್ಥಿತಿಯಲ್ಲಿ ಅವಕಾಶ ಕ್ಷೀಣವಾಗಿದೆ, ಆದ್ದರಿಂದ ಸ್ಥಳೀಯವಾಗಿ ಅಂತಿಮ ವಿಲೇವಾರಿಗೆ ಕುಟುಂಬದ ಸಮ್ಮತಿ ಕೋರಿದ್ದಾರೆ, ವಸ್ತುಸ್ಥಿತಿ ನೋಡಿದರೆ ಅದೇ ಸೂಕ್ತ. ಹೂಂ ಅಂದಳು. ಅಲ್ಲಿ ಗೌರವಪೂರ್ವಕವಾಗಿ ನಡೆಯುತ್ತದೆ, ಚಿಂತೆ ಬೇಡ ಅಂದೆ. ಹೂಂ ಅಂದಳು. ಹಾಗಾದರೆ ನಿನ್ನ ಪರವಾಗಿ ನಾನು ಬರೆದು ಕಳಿಸುತ್ತೇನೆ ಅಂದೆ. ಅದಕ್ಕೂ ಹೂಂ.

ನಾನು ಹೆದರಿದ್ದೆ, ಕೂಗಾಡುತ್ತಾಳೆ ಅಂತ. ಒಂದು ಮಾತೂ ಎದುರಾಡಲಿಲ್ಲ. ಅವಳಿಗೂ ವಾಸ್ತವ ಅರ್ಥವಾಗಿದೆ. ನನ್ನ ತಂಗಿ ಅಲ್ಲವೇ? ಮನೆಗೆ ಬಂದ ತಕ್ಷಣ ಮೇಲ್ ಕಳಿಸಿದೆ. ಹೊತ್ತು ಮುಳುಗುವ ಮುಂಚೆ ಉತ್ತರವೂ ಬಂತು. ತಮ್ಮ ಸಹಕಾರಕ್ಕೆ ಸಚಿವಾಲಯ ಆಭಾರಿಯಾಗಿದೆ ಅಂತ.

ಭಾರ ಇಳಿದ ಹಾಗಾಗಿದೆ. ಊಟ ಸೇರಿತು.

ಜುಲೈ 18

ಇವತ್ತು ಅಲ್ಲಿ ಆಯಿತು. ಮೇಡಂ ಫೋಟೋ ಕಳಿಸಿದ್ದಾರೆ. ಕೆಂಪು ಮಣ್ಣು, ಬಾಳೆ ಗಿಡದ ಹಾಗೆ ಕಾಣುವ ಗಿಡಗಳು, ಐದಾರು ಜನ ಚಪ್ಪಲಿ ಬಿಟ್ಟು ನಿಂತಿದ್ದಾರೆ. ನಮ್ಮ ಕಡೆಯದೇ ಮಣ್ಣಿನ ಹಾಗಿದೆ.

ನಾಳೆ ಶನಿವಾರ. ನಾನೇ ಹೋಗಿ ತೋರಿಸಿ ಬರುತ್ತೇನೆ.

ಜುಲೈ 19, ಶನಿವಾರ

ಹೇಗೆ ಬರೆಯಲಿ?

ಬಂಡೂರಿನಲ್ಲಿ ಇಳಿದರೆ ಮನೆ ಮುಂದೆ ಚಪ್ಪರ ಹಾಕಿದ್ದಾರೆ. ತೆಂಗಿನ ಗರಿ ಹಸಿಯಾಗಿತ್ತು. ಮೈಸೂರು ಕಡೆಯಿಂದ ನೆಂಟರು ಬಂದು ಒಳಗೆ ಮಲಗಿದ್ದರು. ಮೊದಲು ನನಗೆ ತಿಥಿಗೆ ಇರಬಹುದು ಅನ್ನಿಸಿತು. ಚಿಕ್ಕನಂಜಮ್ಮ ಹೊಲದಲ್ಲಿದ್ದಾರೆ ಅಂದರು, ಅಲ್ಲಿಗೇ ಹೋದೆ. ಅವರ ಗಂಡ ಕರಿಸಿದ್ದಯ್ಯನನ್ನು ಮಣ್ಣು ಮಾಡಿದ ಜಾಗದ ಪಕ್ಕದಲ್ಲಿ ಮುದುಕಿ ಕೂತುಕೊಂಡು ಕಳೆ ಕೀಳುತ್ತಿದ್ದರು. ಒಬ್ಬ ಮನುಷ್ಯ ಮಲಗುವಷ್ಟು ನೆಲ ಕಿತ್ತು, ಗುಡಿಸಿ, ನಾಲ್ಕು ಮೂಲೆಗೆ ಕಡ್ಡಿ ನೆಟ್ಟಿದ್ದರು. ಹೆಣ ಬಾರದೆ ಗುಣಿ ತೆಗೆಯಬಾರದಂತೆ, ಬಾಯಿ ತೆರೆದ ಗುಣಿ ಇನ್ನೊಬ್ಬರನ್ನು ಕೇಳುತ್ತದಂತೆ, ಅದಕ್ಕೇ ಜಾಗ ಮಾತ್ರ ಗುರುತು ಮಾಡಿದ್ದೀವಿ ಅಂದರು. ಬಾಡಿ ಬೆಂಗಳೂರು ಮೇಲೆ ಬರುತ್ತದೋ ಮೈಸೂರು ಮೇಲೆ ಬರುತ್ತದೋ ಅಂತಲೂ ಕೇಳಿದರು.

ರಮ್ಯ ಹಿಂದಿನಿಂದ ಬಂದಳು. ಅವಳನ್ನು ಪಕ್ಕಕ್ಕೆ ಕರೆದು, ಬುಧವಾರ ಹೇಳಿದ್ದೆನಲ್ಲವ್ವ, ನೀನು ಒಪ್ಪಿದೆಯಲ್ಲ, ಅಲ್ಲೇ ಮಣ್ಣು ಮಾಡಿದರು, ನಿನ್ನೆ ಆಗಿಹೋಯಿತು ಅಂದೆ. ಫೋಟೋ ತೋರಿಸಿದೆ. ಫೋನನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು. ಯಾರನ್ನು ಅಂದಳು. ಯಾರನ್ನು ಮಣ್ಣು ಮಾಡಿದರು ಅಂತ ಕೇಳಿದಳು ನನ್ನ ತಂಗಿ.

ನಿನ್ನನ್ನು ಕೇಳಿದೆ, ನೀನು ಹೂಂ ಅಂದೆ ಅಂದೆ. ನನ್ನ ದನಿಯೂ ಜೋರಾಯಿತು. ಎಲ್ಲದಕ್ಕೂ ಹೂಂ ಹೂಂ ಅಂದೆಯಲ್ಲ ಅಂದೆ.

ಅವಳು ಕೂಗಲಿಲ್ಲ. ಚಿಕ್ಕಂದಿನಲ್ಲಿ ಲೆಕ್ಕ ತಪ್ಪಾದಾಗ ನನ್ನ ಮುಖ ನೋಡುತ್ತಿದ್ದ ಹಾಗೆ ನೋಡಿದಳು.

"ನೀನು ಏಳ್ತಾ ಇದ್ದೆ, ನಾನು ಕೇಳುಸ್ಕತಾ ಇದ್ದೆ ಕಣಣ್ಣ. ಅದ್ಕೆ ಊಂ ಅಂದೆ. ನಿನ್ನ ಮಾತು ಒಂದೂ ತಿಳೀನಿಲ್ಲ. ಆಮ್ಯಾಕೆ ಸರ್ಯಾಗಿ ಏಳ್ತೀಯ ಅಂದ್ಕಂಡೆ. ಒಪ್ಪಿ ಊಂ ಅಂದ್ನಾ ಅಣ್ಣ ನಾನು?"

ಕಥೆ ಹೇಳುವಾಗ ಎದುರಿಗಿದ್ದವರು ಹೂಂಗುಡಬೇಕು, ಇಲ್ಲದಿದ್ದರೆ ಹೇಳುವವರಿಗೆ ಬೇಜಾರು. ದೊಡ್ಡವರು ಮಾತಾಡುವಾಗ ಸುಮ್ಮನೆ ಕೂತರೆ ಮರ್ಯಾದೆಯಲ್ಲ. ನಮ್ಮಲ್ಲಿ ಎತ್ತು ಮಾರುವ ಮಾತಿಗೂ ಹೂಂ, ಮಳೆ ಬಂತು ಅನ್ನುವುದಕ್ಕೂ ಹೂಂ. ಇದು ನನಗೆ ಗೊತ್ತಿಲ್ಲವೇ? ನಾನು ಇದೇ ನೀರು ಕುಡಿದು ಬೆಳೆದವನಲ್ಲವೇ? ದೆಹಲಿಯ ಮೇಡಂಗೆ ಗೊತ್ತಿಲ್ಲ ಅಂದರೆ ಒಪ್ಪಬಹುದು.

ಚಿಕ್ಕನಂಜಮ್ಮನಿಗೆ ಯಾರು ಹೇಳಿದರೋ ತಿಳಿಯದು. ನಾನು ತಿರುಗಿ ನೋಡುವ ಹೊತ್ತಿಗೆ ಮುದುಕಿ ಒಂದೊಂದೇ ಕಡ್ಡಿ ಕಿತ್ತು ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನೆಂಟರು ಸಂಜೆಯೊಳಗೆ ಎದ್ದು ಹೋದರು.

ಜುಲೈ 20

ಶುಗರ್ ನೋಡಲಿಲ್ಲ. ಬರೆಯುವುದಕ್ಕೇನೂ ಇಲ್ಲ.

ಜುಲೈ 27

ತಲೆ ತಣ್ಣಗೆ ಮಾಡಿಕೊಂಡು ಯೋಚಿಸಿದ್ದೇನೆ. ಕಾದಿದ್ದರೂ ಆ ದೇಹ ಬರುತ್ತಿರಲಿಲ್ಲ. ಇವತ್ತಿಗೂ ಅಲ್ಲಿ ರಸ್ತೆ ತೆರೆದಿಲ್ಲ. ಸಮ್ಮತಿ ಮೌಖಿಕವಾಗಿ ಪಡೆಯಲಾಗಿತ್ತು. ಸಂಪರ್ಕ ವ್ಯಕ್ತಿಯ ಅಧಿಕಾರ ಬರಹದಲ್ಲಿತ್ತು. ವಿಧಾನದಲ್ಲಿ ಎಲ್ಲೂ ಲೋಪವಿಲ್ಲ.

ಮೇಲಿನದನ್ನು ರಂಜಿತಳಿಗೆ ಹೇಳಿದೆ. ನೀವು ಯಾರಿಗೆ ಉತ್ತರ ಬರೀತಾ ಇದ್ದೀರಾ, ಇಲ್ಲಿ ಯಾರು ನಿಮ್ಮನ್ನ ಕೇಳಿದ್ರು ಅಂದಳು. ಅನ್ನದ ತಟ್ಟೆ ಇಟ್ಟು ಒಳಗೆ ಹೋದಳು. ಹೆಂಗಸರ ಹತ್ತಿರ ವಾದ ಮಾಡಬಾರದು.

ಮೊನ್ನೆ ಕ್ಲಾಸಿನಲ್ಲಿ ಆ ಪಾಠ ಬಂತು. ಹೊರದೇಶದಲ್ಲಿರುವ ಪ್ರಜೆಗಳ ಹಿತರಕ್ಷಣೆ ಅನ್ನುವ ಭಾಗ. ಮುಂದಿನ ಹಾಳೆಗೆ ಹೋಗಿಬಿಟ್ಟೆ. ಪರೀಕ್ಷೆಗೆ ಬರಲ್ವಾ ಸಾರ್ ಅಂತ ಒಬ್ಬಳು ಕೇಳಿದಳು. ಬರುತ್ತೆ, ಮನೆಯಲ್ಲಿ ಓದಿಕೊಳ್ಳಿ ಅಂದೆ.

ಆಗಸ್ಟ್ 3

ರಮ್ಯ ಐದು ಗಂಟೆಗೆ ಫೋನ್ ಮಾಡುವುದನ್ನು ನಿಲ್ಲಿಸಿದ್ದಾಳೆ. ಸಂಜೆ ಹೊತ್ತು ಏನೂ ಕೆಲಸವಿಲ್ಲದ ಹಾಗೆ ಅನ್ನಿಸುತ್ತದೆ. ಫೋನನ್ನು ಎದುರಿಗೇ ಇಟ್ಟುಕೊಂಡು ಕೂತಿರುತ್ತೇನೆ. ಮೇಡಂ ಕೂಡ ಬೇರೆ ವಿಭಾಗಕ್ಕೆ ಹೋದರಂತೆ. ನಮ್ಮ ದೂರು ಇತ್ಯರ್ಥವಾಗಿದೆ ಅಂತ ವೆಬ್‌ಸೈಟಿನಲ್ಲಿ ತೋರಿಸುತ್ತಿದೆ.

ಆಗಸ್ಟ್ 17, ಭಾನುವಾರ

ನಿನ್ನೆ ದೂತಾವಾಸದಿಂದ ಒಂದು ಮೇಲ್ ಬಂತು. ನಾಗೇಶನನ್ನು ಮಣ್ಣು ಮಾಡಿದ ಕಡೆಯಿಂದ ಒಂದು ಹಿಡಿ ಮಣ್ಣನ್ನು ಅವನ ಜೊತೆಗಿದ್ದವರೊಬ್ಬರು ತೆಗೆದಿಟ್ಟಿದ್ದಾರಂತೆ. ದಾರಿ ತೆರೆದ ಮೇಲೆ ಅವನ ಬಟ್ಟೆಬರೆ ಜೊತೆ ಕಳಿಸಬಹುದು, ಮನೆಯವರಿಗೆ ಬೇಕೇ ಅಂತ ಕೇಳಿದ್ದಾರೆ. ಉತ್ತರ ಬರೆಯಲು ಕೂತೆ. ಮನೆಯವರ ಪರವಾಗಿ ಅಂತ ಬರೆದು ಅಲ್ಲಿಗೇ ನಿಲ್ಲಿಸಿದೆ.

ಬಂಡೂರಿಗೆ ಹೋಗೋಣವೆಂದು ಬಸ್ ಸ್ಟ್ಯಾಂಡಿನ ತನಕ ಹೋದೆ. ಮಳವಳ್ಳಿ ಬಸ್ಸು ಬಂತು, ಹತ್ತಲಿಲ್ಲ. ಇನ್ನೊಂದು ಬಂತು, ಅದನ್ನೂ ಹತ್ತಲಿಲ್ಲ. ನಾಗೇಶನಿಗೆ ಅಂತ ಗುರುತು ಮಾಡಿದ್ದ ಜಾಗದಲ್ಲಿ ಮುದುಕಿ ಹುರುಳಿ ಚೆಲ್ಲಿದ್ದಾರಂತೆ. ಅದು ಹುಟ್ಟಿರುವುದನ್ನು ನೋಡುವ ಧೈರ್ಯ ನನಗಿಲ್ಲ, ನಿಜ ಹೇಳಬೇಕೆಂದರೆ ಅಷ್ಟೇ. ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಫೋನ್ ಮಾಡಿದೆ.

ಮೊದಲ ರಿಂಗಿಗೇ ಎತ್ತಿದಳು. ಈ ಸಲ ಒಂದು ದೊಡ್ಡ ಮಾತನ್ನೂ ಆಡಲಿಲ್ಲ. ರಮ್ಯಾ, ನಿನ್ನ ಗಂಡನ್ನ ಮಣ್ಣು ಮಾಡಿದ ಕಡೆಯಿಂದ ಒಂದು ಹಿಡಿ ಮಣ್ಣು ಕಳಿಸ್ತಾರಂತೆ ಕಣವ್ವ ಅಂದೆ. ನಿಲ್ಲಿಸಿದೆ. ಆ ಕಡೆ ಸದ್ದಿಲ್ಲ. ಅದನ್ನು ತಂದು ನಿಮ್ಮ ಹೊಲದಲ್ಲಿ ನಿನ್ನ ಮಾವನ ಪಕ್ಕ ಇಟ್ಟು ಹಾಲುತುಪ್ಪ ಬಿಡಬಹುದು ಅಂದೆ. ಸದ್ದಿಲ್ಲ. ಲೈನ್ ಹೋಯಿತೇ ಅಂತ ಫೋನ್ ತೆಗೆದು ನೋಡಿದೆ, ಹೋಗಿರಲಿಲ್ಲ. ಹಲೋ ಹಲೋ ಅಂದೆ. ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ತಿರುಗಿ ನೋಡುವಷ್ಟು ಜೋರಾಗಿ, ಕೇಳುಸ್ತಾ ಅದೇನವ್ವ, ಒಂದ್ಸಲ ಹೂಂ ಅನ್ನು ಅಂದೆ.

ಅವಳ ದನಿ ಮೆತ್ತಗಿತ್ತು. ಕೋಪವಿರಲಿಲ್ಲ.

"ಊಂ ಅನ್ನಾಕೆ ಭಯ ಆಯ್ತದೆ ಕಣಣ್ಣ. ನೀ ಏಳು, ಕೇಳುಸ್ಕತ್ತೀನಿ."

ಹೇಳಿದೆ. ಮಣ್ಣು ಯಾವಾಗ ಬರಬಹುದು, ಯಾರು ತರುತ್ತಾರೆ, ಬೇಕೋ ಬೇಡವೋ ನೀನೇ ಯೋಚಿಸಿ ಬಾಯಿಬಿಟ್ಟು ಹೇಳಬೇಕು, ಅಲ್ಲಿಯ ತನಕ ನಾನು ಏನೂ ಬರೆಯುವುದಿಲ್ಲ, ಎಲ್ಲ ಹೇಳಿದೆ. ಮಾತು ಮುಗಿದ ಮೇಲೂ ನಾನು ಇಡಲಿಲ್ಲ, ಅವಳೂ ಇಡಲಿಲ್ಲ. ಆ ಕಡೆ ಕುರಿಯೊಂದು ಕೂಗಿತು. ಅವಳು ಉಸಿರಾಡುವುದು ಕೇಳಿಸುತ್ತಿತ್ತು.